ಥಾಯ್ಲೆಂಡಿನ ಈಸಾನ್ ಹಳ್ಳಿಯಲ್ಲಿ ಕೆಲವು ತಿಂಗಳು ಇದ್ದು ಕೆಲಸ ಮಾಡುವ ಆಸೆ. ಹೋಗಿ ಬಂದವರು ಹೇಳಿ

ಹೇಮಾವತಿ ದಂಡೆ

ಎಲ್ಲರಿಗೂ ನಮಸ್ಕಾರ. ನಾನು ಹಾಸನ ಜಿಲ್ಲೆಯವಳು. ಕೃಷಿ ಬಿಎಸ್ಸಿ ಮುಗಿಸಿ ಒಂದು ಬೀಜದ ಕಂಪನಿಯಲ್ಲಿದ್ದೆ, ಈಗ ಬಿಟ್ಟಿದ್ದೇನೆ. ಮನೆಯಲ್ಲಿ ಅಪ್ಪ ಇನ್ನೂ ಒಂದಷ್ಟು ಗದ್ದೆಯಲ್ಲಿ ರಾಜಮುಡಿ ಹಾಕುತ್ತಾರೆ. ಒಳ್ಳೆ ಅಕ್ಕಿ, ಆದರೆ ಸರಿಯಾದ ಬೆಲೆ ಸಿಗುವುದಿಲ್ಲ. ಥಾಯ್ಲೆಂಡಿನ ಈಶಾನ್ಯ ಭಾಗವಾದ ಈಸಾನಿನ ರೈತರು ಹೋಮ್ ಮಾಲಿ ಅನ್ನುವ ಒಂದೇ ನಾಡ ತಳಿಯನ್ನು ಹಿಡಿದು ಜಗತ್ತಿಗೆಲ್ಲ ಅಕ್ಕಿ ಮಾರುತ್ತಾರೆ ಅಂತ ಕಾಲೇಜಿನಲ್ಲೇ ಓದಿದ್ದೆ. ಅಲ್ಲಿ ಹೋಗಿ ಒಂದು ಹಳ್ಳಿಯಲ್ಲಿ ಇರಬೇಕು, ಅವರ ಜೊತೆ ಕೆಲಸ ಮಾಡಬೇಕು, ಅವರ ಬದುಕು ನೋಡಬೇಕು ಅನ್ನುವ ಆಸೆ ಆಗಿನಿಂದ ಇದೆ. ಬ್ಯಾಂಕಾಕು, ಫುಕೆಟ್ಟು ಬೇಡ.

ಹುಡುಕಿದರೆ ಸ್ವಯಂಸೇವಕರನ್ನು ಕಳಿಸುವ ಏಜೆನ್ಸಿಗಳೇ ಸಿಗುತ್ತವೆ. ಎರಡು ವಾರ ಮಕ್ಕಳಿಗೆ ಇಂಗ್ಲಿಷ್ ಕಲಿಸಿ, ಆನೆ ತೊಳೆಯಿರಿ, ಅದಕ್ಕೆ ಇಷ್ಟು ಡಾಲರ್ ಕೊಡಿ ಅಂತಾರೆ. ಕೆಲಸ ಮಾಡುವುದಕ್ಕೂ ನಾವೇ ಅಷ್ಟು ಹಣ ಕೊಡಬೇಕಾ? ಯಾವ ವೀಸಾ ಬೇಕು? ನಾನು ಸಸ್ಯಾಹಾರಿ, ಊಟ ಹೇಗೆ? ಒಬ್ಬಳೇ ಹೋಗುತ್ತೇನೆ ಅಂದರೆ ಅಮ್ಮನಿಗೆ ಭಯ. ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ತುಂಗೆಯ ಮಗಳು

ತಂಗಿ, ನಿನ್ನ ಪ್ರಶ್ನೆ ನೋಡಿ ಬಹಳ ಖುಷಿಯಾಯಿತು. ನಾನು ರೋಯ್ ಎಟ್ ಪ್ರಾಂತದ ಒಂದು ಹಳ್ಳಿಯಲ್ಲಿ ರೈತರ ಮನೆಯಲ್ಲಿದ್ದುಕೊಂಡು ಊರ ಶಾಲೆಗೆ ಸಹಾಯ ಮಾಡಿದವಳು. ನಾಟಿ, ಸುಗ್ಗಿ, ಉರಿಬೇಸಿಗೆ ಮೂರನ್ನೂ ಅಲ್ಲಿ ಕಳೆದಿದ್ದೇನೆ.

ಎಲ್ಲಕ್ಕಿಂತ ಮೊದಲು, ಸೇವೆ ಮಾಡಲು ಹೋಗುತ್ತಿದ್ದೇನೆ ಅನ್ನುವ ಯೋಚನೆಯನ್ನು ಇಲ್ಲೇ ಬಿಟ್ಟು ಹೋಗು. ಆ ಊರು ನಡೆಯುವುದು ಮುಯ್ಯಿಯ ಮೇಲೆ. ನಮ್ಮ ಅಜ್ಜಿಯರ ಕಾಲದಲ್ಲಿ ಮುಯ್ಯಾಳು ಅಂತ ಇತ್ತಲ್ಲ, ಇವತ್ತು ನಿಮ್ಮ ಗದ್ದೆಗೆ ನಾವು ಬರುತ್ತೇವೆ, ನಾಳೆ ನಮ್ಮ ಗದ್ದೆಗೆ ನೀವು ಬನ್ನಿ ಅಂತ. ಅಲ್ಲಿ ಅದಕ್ಕೆ ಲೋಂಗ್ ಖೇಕ್ ಅನ್ನುತ್ತಾರೆ. ಕೂಲಿ ಇಲ್ಲ. ಗದ್ದೆಯವರು ಹೊಟ್ಟೆ ತುಂಬ ಊಟ ಹಾಕಬೇಕು, ಕರೆದಾಗ ತಿರುಗಿ ಹೋಗಬೇಕು. ಮದುವೆ, ಸಾವು, ಹುಡುಗನೊಬ್ಬ ಭಿಕ್ಷುವಾಗುವ ದಿನ, ಹೀಗೆ ಏನೇ ಇರಲಿ, ಬಂದವರು ಲಕೋಟೆಯಲ್ಲಿ ಹಣ ಹಾಕಿ ಕೊಡುತ್ತಾರೆ. ಯಾರು ಎಷ್ಟು ಕೊಟ್ಟರು ಅಂತ ಒಬ್ಬರು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ನಮ್ಮಲ್ಲೂ ಮದುವೆಮನೆ ಬಾಗಿಲಲ್ಲಿ ಮುಯ್ಯಿ ಬರೆಯುವುದಿಲ್ಲವೇ, ಹಾಗೇ.

ಇದನ್ನು ಯಾಕೆ ಇಷ್ಟು ಹೇಳುತ್ತಿದ್ದೇನೆ ಅಂದರೆ, ನೀನು ಹೋಗಿ ಇಳಿದ ದಿನವೇ ಅವರು ನಿನಗೆ ಮಲಗಲು ಜಾಗ ಕೊಡುತ್ತಾರೆ, ಊಟ ಹಾಕುತ್ತಾರೆ. ಒಂದು ಹುಲ್ಲುಕಡ್ಡಿ ಎತ್ತುವ ಮೊದಲೇ ನೀನು ಅವರಿಗೆ ಸಾಲಗಾತಿ. ಆಮೇಲೆ ನೀನು ಮಾಡುವ ಕೆಲಸವೆಲ್ಲ ಆ ಸಾಲ ತೀರಿಸುವುದು, ಉಪಕಾರ ಅಲ್ಲ. ಹೀಗೆ ತಿಳಿದು ಹೋದವರಿಗೆ ಆ ಊರು ಬಾಗಿಲು ತೆರೆಯುತ್ತದೆ. ಉದ್ಧಾರ ಮಾಡಲು ಹೋದವರಿಗೆ ನಗುಮುಖ ಸಿಗುತ್ತದೆ, ಅದರಾಚೆ ಏನೂ ಸಿಗುವುದಿಲ್ಲ.

ಭತ್ತದ ವಿಷಯಕ್ಕೆ ಬರುತ್ತೇನೆ. ರೋಯ್ ಎಟ್, ಸುರಿನ್, ಮಹಾ ಸರಖಾಮ್, ಯಸೋಥೋನ್, ಸಿಸಾಕೆಟ್ ಈ ಐದು ಪ್ರಾಂತಗಳಿಗೆ ಸೇರಿದ ದೊಡ್ಡ ಬಯಲು ಥುಂಗ್ ಕುಲಾ ರೋಂಗ್ ಹಾಯ್. ಮರಳು ಮಣ್ಣು, ಕೆಳಗೆ ಉಪ್ಪು. ಮಳೆ ಬಿಟ್ಟರೆ ಬೇರೆ ನೀರು ಬಹಳ ಕಡಿಮೆ. ಇಂಥ ನೆಲದಲ್ಲೇ ಹೋಮ್ ಮಾಲಿಗೆ ಒಳ್ಳೆ ಪರಿಮಳ ಬರುತ್ತದೆ ಅಂತ ಅಲ್ಲಿಯವರಿಗೆ ಹೆಮ್ಮೆ. 2013ರಲ್ಲಿ ಯುರೋಪಿನ ಒಕ್ಕೂಟವೂ ಈ ಬಯಲಿನ ಅಕ್ಕಿಗೆ ಭೌಗೋಳಿಕ ಗುರುತು (ಜಿಐ ಟ್ಯಾಗ್) ಕೊಟ್ಟಿತು. ದಿನ ಗಿಡ್ಡವಾಗುತ್ತಾ ಬಂದಾಗ ಮಾತ್ರ ತೆನೆ ಬಿಡುವ ತಳಿ ಅದು. ಹಾಗಾಗಿ ವರ್ಷಕ್ಕೆ ಒಂದೇ ಬೆಳೆ, ನವೆಂಬರ್ ಹೊತ್ತಿಗೆ ಕಟಾವು.

ನನಗೆ ಬಹಳ ಹಿಡಿಸಿದ ಸಂಗತಿ ಇನ್ನೊಂದಿದೆ. ಇಷ್ಟು ಹೆಸರಾದ ಅಕ್ಕಿ ಬೆಳೆಯುವ ಬಹುಪಾಲು ಮನೆಗಳಲ್ಲಿ ಊಟಕ್ಕೆ ಅದಿಲ್ಲ! ಮಾರುವುದಕ್ಕೆ ಹೋಮ್ ಮಾಲಿ, ಉಣ್ಣುವುದಕ್ಕೆ ಅಂಟು ಅಕ್ಕಿ. ಒಂದೊಂದು ಮನೆಯೂ ಮೊದಲು ತನ್ನ ವರ್ಷದ ಊಟಕ್ಕೆ ಆಗುವಷ್ಟು ಅಂಟು ಅಕ್ಕಿಗೆ ಗದ್ದೆ ಬಿಟ್ಟುಕೊಂಡು, ಉಳಿದದ್ದರಲ್ಲಿ ಪೇಟೆಯ ಅಕ್ಕಿ ಹಾಕುತ್ತದೆ. ಬೆಳಗಿನ ಜಾವ ಬಿದಿರಿನ ಬುಟ್ಟಿಯಲ್ಲಿ ಅಂಟು ಅಕ್ಕಿಯನ್ನು ಹಬೆಯಲ್ಲಿ ಬೇಯಿಸುತ್ತಾರೆ. ಅದರಲ್ಲಿ ಮೊದಲ ಪಾಲು ಭಿಕ್ಷೆಗೆ ಬರುವ ಬೌದ್ಧ ಗುರುಗಳಿಗೆ. ಆಮೇಲೆ ಸಣ್ಣ ಮುಚ್ಚಳದ ಬುಟ್ಟಿಗೆ ತುಂಬಿ ಗದ್ದೆಗೆ ಒಯ್ಯುತ್ತಾರೆ.

ಆದರೆ ಒಂದು ವಿಷಯ ತಿಳಿದಿರಲಿ. ಈಗ ದೊಡ್ಡ ಗದ್ದೆಗಳಲ್ಲಿ ನಾಟಿ ಕಡಿಮೆಯಾಗಿ ಬಿತ್ತನೆ ಜಾಸ್ತಿಯಾಗಿದೆ, ಕಟಾವಿಗೆ ಯಂತ್ರ ಬರುತ್ತದೆ. ಹರೆಯದವರೆಲ್ಲ ಬ್ಯಾಂಕಾಕಿನ ಕಡೆ ಕಾರ್ಖಾನೆಗಳಲ್ಲಿದ್ದಾರೆ. ಊರಲ್ಲಿ ಅಜ್ಜ ಅಜ್ಜಿ, ಅವರು ಸಾಕುವ ಮೊಮ್ಮಕ್ಕಳು. ನಾಟಿ, ಕೈ ಕಟಾವು ನೋಡಬೇಕಾದರೆ ಸಾವಯವ ರೈತರ ಗುಂಪುಗಳಿರುವ ಕಡೆ ಹೋಗಬೇಕು. ಯಸೋಥೋನ್, ಸುರಿನ್ ಕಡೆ ಅಂಥ ಗುಂಪುಗಳು ಹಲವು ಇವೆ.

ಚಾವೊ ಫ್ರಯಾ ಪಕ್ಕದ ಮನೆ

ಬ್ಯಾಂಕಾಕಿನಲ್ಲಿ ಹಲವು ವರ್ಷದಿಂದ ಇರುವವನು ನಾನು. ವೀಸಾ ವಿಷಯ ಸ್ವಲ್ಪ ಖಡಕ್ಕಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

2024ರ ಜುಲೈನಲ್ಲಿ ಭಾರತೀಯರಿಗೆ 60 ದಿನ ವೀಸಾ ಇಲ್ಲದೆ ಬರಲು ಬಿಟ್ಟರು. ಈ ನಿಯಮ ಆಗಾಗ ಬದಲಾಗುತ್ತದೆ. ಟಿಕೆಟ್ ತೆಗೆಯುವ ಮೊದಲು ರಾಯಭಾರ ಕಚೇರಿಯ ಪ್ರಕಟಣೆ ನೋಡಿ. ಆದರೆ ಅದು ಪ್ರವಾಸಿಗಳಿಗೆ ಕೊಟ್ಟ ಅನುಕೂಲ. ಸಂಬಳ ಇಲ್ಲದಿದ್ದರೂ ಸಂಸ್ಥೆಯೊಂದರಲ್ಲಿ ಸ್ವಯಂಸೇವಕರಾಗಿ ನಿಲ್ಲುವುದಾದರೆ ಅದಕ್ಕೆಂದೇ ಇರುವ ನಾನ್ ಇಮಿಗ್ರಂಟ್ ಓ ವೀಸಾ ಬೇಕು, ಬಂದ ಮೇಲೆ ವರ್ಕ್ ಪರ್ಮಿಟ್ ಬೇಕು. ವೀಸಾಕ್ಕೆ ಅಲ್ಲಿ ನೋಂದಣಿಯಾದ ಪ್ರತಿಷ್ಠಾನ ಅಥವಾ ಸಂಘದ ಪತ್ರ ಬೇಕು. ಪರ್ಮಿಟ್ ಇಲ್ಲದೆ ಕೆಲಸ ಮಾಡಿದರೆ 5,000ದಿಂದ 50,000 ಬಾತ್ ದಂಡ, ಮೇಲೆ ದೇಶದಿಂದ ಹೊರಗೆ. ಕೆಲಸಕ್ಕೆ ಇಟ್ಟುಕೊಂಡವರಿಗೂ ದಂಡ ಬೀಳುತ್ತದೆ. ಇದನ್ನು ಯಾರೂ ಮರೆಯಬಾರದು. ನೀವು ವಿಮಾನ ಹತ್ತಿ ಹೋಗಿಬಿಡುತ್ತೀರಿ, ಹಳ್ಳಿಯ ಶಾಲೆಯ ಹೆಡ್ ಮಾಸ್ಟರು ಅಲ್ಲೇ ಇರಬೇಕು.

ಹಾಗಾಗಿ ಯಾವುದೇ ಏಜೆನ್ಸಿಯನ್ನು ಕೇಳಬೇಕಾದ ಮೊದಲ ಪ್ರಶ್ನೆ ಇದು: ವರ್ಕ್ ಪರ್ಮಿಟ್ ನೀವು ಮಾಡಿಸುತ್ತೀರಾ? ಟೂರಿಸ್ಟ್ ಆಗಿ ಬನ್ನಿ, ಯಾರೂ ಕೇಳುವುದಿಲ್ಲ ಅಂದರೆ ಅಲ್ಲಿಗೇ ಮಾತು ಮುಗಿಸಿ. ಎರಡನೆಯದು, ನಾನು ಕೊಡುವ ಹಣದಲ್ಲಿ ಹಳ್ಳಿಯ ಮನೆಗೆ ಎಷ್ಟು ಹೋಗುತ್ತದೆ?

ಉಳಿದವು ಸಣ್ಣ ಕೆಲಸ. 2025ರಿಂದ ಭಾರತದಲ್ಲಿದ್ದುಕೊಂಡೇ ಇ-ವೀಸಾಗೆ ಅರ್ಜಿ ಹಾಕಬಹುದು. ದೇಶದೊಳಗೆ ಬರುವ ಮೊದಲು ಡಿಜಿಟಲ್ ಅರೈವಲ್ ಕಾರ್ಡ್ ತುಂಬಬೇಕು, ಹಣ ಕೊಡಬೇಕಾಗಿಲ್ಲ. ನೀವು ಉಳಿಯುವ ಮನೆಯವರು 24 ಗಂಟೆಯೊಳಗೆ ವಲಸೆ ಕಚೇರಿಗೆ ತಿಳಿಸಬೇಕು. 90 ದಿನ ದಾಟಿ ಇದ್ದರೆ ನೀವೂ ವರದಿ ಮಾಡಬೇಕು.

ಇನ್ನೊಂದು ಎಚ್ಚರಿಕೆ. 2025ರ ಜುಲೈನಲ್ಲಿ, ಮತ್ತೆ ಡಿಸೆಂಬರಿನಲ್ಲಿ, ಕಾಂಬೋಡಿಯಾ ಗಡಿಯಲ್ಲಿ ಗುಂಡು ಹಾರಿತು. ಸುರಿನ್, ಸಿಸಾಕೆಟ್, ಉಬೊನ್, ಬುರಿರಾಮ್ ಪ್ರಾಂತಗಳ ಗಡಿಯ ಹಳ್ಳಿಗಳವರು ಮನೆ ಬಿಟ್ಟು ಶಿಬಿರಗಳಲ್ಲಿ ಇರಬೇಕಾಯಿತು. ಹೋಗುವ ಊರು ಗಡಿಯಿಂದ ಎಷ್ಟು ದೂರ ಅಂತ ನಕ್ಷೆ ನೋಡಿಕೊಳ್ಳಿ. ರೋಯ್ ಎಟ್, ಖೋನ್ ಕೆನ್, ಯಸೋಥೋನ್ ಒಳಗಿನ ಪ್ರಾಂತಗಳು.

ಶಿರಸಿ ಕಡೆಯವ

ಊಟದ ಬಗ್ಗೆ ನಾನು ಹೇಳುತ್ತೇನೆ, ಉಬೊನ್ ಹತ್ತಿರ ಒಂದು ಮಳೆಗಾಲ ಪೂರ್ತಿ ಸಸ್ಯಾಹಾರಿಯಾಗಿಯೇ ಇದ್ದವನು. ಸಾಧ್ಯ, ಆದರೆ ಸುಲಭ ಅಲ್ಲ.

ಕಷ್ಟ ಕೊಡುವುದು ಮಾಂಸ ಅಲ್ಲ, ಅದು ಕಣ್ಣಿಗೆ ಕಾಣುತ್ತದೆ. ಕಾಣದಿರುವುದು ಮೀನಿನ ರಸ. ಪಲ್ಯಕ್ಕೂ ನಾಮ್ ಪ್ಲಾ ಹಾಕುತ್ತಾರೆ. ಈಸಾನಿನಲ್ಲಿ ಅದರ ಜೊತೆ ಪ್ಲಾ ರಾ ಕೂಡ, ಅಂದರೆ ಉಪ್ಪು, ಅಕ್ಕಿ ತೌಡು ಹಾಕಿ ತಿಂಗಳುಗಟ್ಟಲೆ ಕೊಳೆಸಿದ ಹೊಳೆಮೀನು. ಪಪ್ಪಾಯಿ ಕಾಯಿ ಕುಟ್ಟಿ ಮಾಡುವ ಸೋಮ್ ತಮ್‌ಗೆ ಅದಿಲ್ಲದೆ ರುಚಿಯೇ ಇಲ್ಲ ಅಂತ ಅವರ ಭಾವನೆ. ಸಸ್ಯಾಹಾರಿ ಅಂತ ಹೇಳಿದರೆ ಮಾಂಸದ ತುಂಡು ತೆಗೆದು ಕೊಡುತ್ತಾರೆ, ಅಷ್ಟೇ. ಕಿನ್ ಜೇ ಅಂತ ಹೇಳಿ. ಅದು ಚೀನೀ ಮೂಲದ ಕಟ್ಟುನಿಟ್ಟಿನ ವ್ರತದ ಊಟ, ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ. ಎಲ್ಲರಿಗೂ ಅರ್ಥವಾಗುತ್ತದೆ. ಪೇಟೆಯಲ್ಲಿ ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಇರುವ ಅಂಗಡಿ ಹುಡುಕಿ.

ಹಳ್ಳಿಮನೆಯಲ್ಲಿ ಒಂದೇ ದಾರಿ, ಅಡುಗೆಮನೆಗೆ ಹೋಗಿ ಜೊತೆಗೆ ಅಡುಗೆ ಮಾಡುವುದು. ಮಳೆಗಾಲದಲ್ಲಿ ಕಾಡಿನ ಅಣಬೆ, ಕಳಲೆ, ಹತ್ತಾರು ಬಗೆಯ ಸೊಪ್ಪು ಬರುತ್ತವೆ. ನಮ್ಮ ಮಲೆನಾಡಿನವರಿಗೆ ಇದರಲ್ಲಿ ಅರ್ಧ ಪರಿಚಯದ್ದೇ. ಕಳಲೆಯನ್ನು ಯಾನಾಂಗ್ ಅನ್ನುವ ಬಳ್ಳಿಯ ಎಲೆಯ ಹಸಿರು ರಸದಲ್ಲಿ ಬೇಯಿಸುತ್ತಾರೆ. ಪ್ಲಾ ರಾ ಹಾಕುವ ಮೊದಲು ನಿಮ್ಮ ಪಾಲು ತೆಗೆದಿಡಲು ಹೇಳಿ. ಅಂಟು ಅನ್ನ, ಸುಟ್ಟ ಮೆಣಸಿನಕಾಯಿಯ ಚಟ್ನಿ, ಬೇಯಿಸಿದ ತರಕಾರಿ ಇಷ್ಟಿದ್ದರೆ ಊಟ ನಡೆಯುತ್ತದೆ. ಮಾರ್ಚ್ ಹೊತ್ತಿಗೆ ಕೆಂಪಿರುವೆಯ ಮೊಟ್ಟೆ ತರುತ್ತಾರೆ. ನಮ್ಮ ಕಡೆ ಚಗಳಿ, ಅಂದರೆ ಕೆಂಪಿರುವೆಯ ಚಟ್ನಿ ತಿನ್ನುವವರಿಗೆ ಅದೇನೂ ಹೊಸದಲ್ಲ. ನೀವು ತಿನ್ನಬೇಡಿ, ಆದರೆ ಮುಖ ಸಿಂಡರಿಸಬೇಡಿ. ಬಡ ಬಯಲಿನ ಜನ ಸಿಕ್ಕಿದ್ದನ್ನು ಎಷ್ಟು ಚೆನ್ನಾಗಿ ಅಡುಗೆ ಮಾಡುತ್ತಾರೆ ಅಂತ ನನಗಂತೂ ಗೌರವವೇ ಹುಟ್ಟಿತು.

ಪೂರ್ತಿ ಸಸ್ಯಾಹಾರ, ಮೌನ ಬೇಕು ಅನ್ನುವವರಿಗೆ ಬೇರೆ ದಾರಿ ಇದೆ. ಬುದ್ಧದಾಸ ಭಿಕ್ಖು 1932ರಲ್ಲಿ ಶುರು ಮಾಡಿದ ಸುವಾನ್ ಮೋಕ್ ಆಶ್ರಮದವರು ದಕ್ಷಿಣದ ಸುರಾಟ್ ಥಾನಿಯಲ್ಲಿ ವಿದೇಶಿಯರಿಗೆ ಧ್ಯಾನ ಶಿಬಿರ ನಡೆಸುತ್ತಾರೆ. ಉಬೊನ್‌ನಲ್ಲೇ ಅಜಾನ್ ಚಾ 1975ರಲ್ಲಿ ವಿದೇಶಿ ಭಿಕ್ಷುಗಳಿಗಾಗಿ ಕಟ್ಟಿಸಿದ ವಾಟ್ ಪಾ ನಾನಾಚಾಟ್ ಇದೆ. ಅಲ್ಲಿ ದಿನಕ್ಕೆ ಒಂದೇ ಊಟ, ಅದೂ ಊರವರು ಭಿಕ್ಷೆ ಹಾಕಿದ್ದು, ಹಾಗಾಗಿ ಪೂರ್ತಿ ಸಸ್ಯಾಹಾರವೇ ಇರುತ್ತದೆ ಅನ್ನುವಂತಿಲ್ಲ. ಇರಬೇಕಾದರೆ ಮೊದಲೇ ಪತ್ರ ಬರೆಯಬೇಕು.

ಕೃಷ್ಣೆ ತುಂಗಭದ್ರೆ ನಡುವೆ

ಎಲ್ಲ ಓದಿದೆ. ಬೇಸರದಿಂದ ಅಲ್ಲ, ಮನಸ್ಸಿನಿಂದ ಕೇಳುತ್ತೇನೆ. ನಮ್ಮ ರಾಯಚೂರು, ಯಾದಗಿರಿ ಕಡೆ ಎಷ್ಟೋ ಶಾಲೆಗಳಲ್ಲಿ ಮೇಷ್ಟ್ರು ಸಾಲುವುದಿಲ್ಲ. ದುಡಿಯಲು ಬೆಂಗಳೂರಿಗೆ, ಪುಣೆಗೆ ಹೋದವರ ಮಕ್ಕಳನ್ನು ಇಲ್ಲೂ ಅಜ್ಜಿಯರೇ ಸಾಕುತ್ತಾರೆ. ಕನ್ನಡ ಬರುವ, ಕೃಷಿ ಓದಿದ ಹುಡುಗಿ ಇಲ್ಲಿ ಬಂದರೆ ಮೊದಲ ದಿನದಿಂದಲೇ ಕೆಲಸಕ್ಕೆ ಬರುತ್ತಾಳೆ. ಥಾಯ್ ಭಾಷೆ ಬರದೆ ಅಲ್ಲಿ ಏನು ಮಾಡಲು ಆಗುತ್ತದೆ? ಅಷ್ಟು ದುಡ್ಡು ವಿಮಾನಕ್ಕೆ ಹಾಕುವ ಬದಲು ಇಲ್ಲಿ ಒಂದು ಶಾಲೆಗೆ ಗ್ರಂಥಾಲಯ ಆಗುತ್ತದೆ, ಅಲ್ವಾ?

ತುಂಗೆಯ ಮಗಳು

ಅಣ್ಣಾ, ನಿಮ್ಮ ಮಾತಿನಲ್ಲಿ ನ್ಯಾಯ ಇದೆ. ಸಹಾಯ ಮಾಡುವುದೇ ಗುರಿ ಆಗಿದ್ದರೆ ರಾಯಚೂರಿಗೇ ಹೋಗಬೇಕು. ಇದರಲ್ಲಿ ನನಗೆ ಎರಡನೇ ಮಾತಿಲ್ಲ. ಭಾಷೆ ಬರದವರು ಬಂದು ಮಕ್ಕಳಿಗೆ ಎರಡು ವಾರ ಹಾಡು ಹೇಳಿಕೊಟ್ಟು ಹೋಗುವುದು, ಅವರ ಹಿಂದೆ ಇನ್ನೊಬ್ಬರು ಬಂದು ಅದೇ ಹಾಡು ಹೇಳಿಕೊಡುವುದು, ಇದರಿಂದ ಶಾಲೆಗೆ ಲಾಭವಿಲ್ಲ. ಅನಾಥಾಲಯಗಳಿಗೆ ಹಾಗೆ ಹೋಗುವುದಂತೂ ತಪ್ಪೇ. ಮಕ್ಕಳು ಹಚ್ಚಿಕೊಳ್ಳುತ್ತಾರೆ, ಬಂದವರು ಫೋಟೋ ತೆಗೆದುಕೊಂಡು ಹೊರಡುತ್ತಾರೆ.

ಆದರೆ ಕಲಿಯಲು ಹೋಗುವುದು ಬೇರೆ ವಿಷಯ. ನಾನು ಶಾಲೆಯಲ್ಲಿ ತರಗತಿ ತೆಗೆದುಕೊಳ್ಳುತ್ತಿದ್ದದ್ದು ಕಡಿಮೆ. ಅಲ್ಲಿಯ ಟೀಚರುಗಳ ಜೊತೆ ಕೂತು ಅವರ ಇಂಗ್ಲಿಷ್ ಓದು, ಉಚ್ಚಾರಣೆಗೆ ಸಹಾಯ ಮಾಡುತ್ತಿದ್ದೆ. ಅವರು ಅಲ್ಲೇ ಇರುತ್ತಾರೆ, ನಾನು ಬಂದ ಮೇಲೂ ಅದು ಉಳಿಯುತ್ತದೆ. ಅವರು ನನಗೆ ಅಲ್ಲಿಯ ಮಾತು ಕಲಿಸಿದರು. ಅದೂ ಬ್ಯಾಂಕಾಕಿನ ಥಾಯ್ ಅಲ್ಲ, ಮನೆಮನೆಯಲ್ಲಿ ಆಡುವ ಲಾವೊ.

ನಿಮ್ಮ ಕಡೆಯ ರೈತರಿಗೂ ಬೇಕಾದ ಕಲಿಕೆ ಆ ಬಯಲಿನಲ್ಲಿದೆ. ಯಸೋಥೋನ್ ಪ್ರಾಂತದ ಕುಟ್ ಚುಮ್ ಅನ್ನುವ ಕಡೆ 2000ದಲ್ಲಿ ಐದು ಹಳ್ಳಿಗಳವರು ಸೇರಿ ತಮ್ಮದೇ ಚೀಟಿ ಅಚ್ಚು ಹಾಕಿಸಿದರು. ಬಿಯಾ ಅಂತ ಅದರ ಹೆಸರು. ಊರೊಳಗೆ ತರಕಾರಿ, ಬಟ್ಟೆ, ಕೆಲಸ ಕೊಟ್ಟು ಪಡೆಯಲು ಅದು. 1997ರ ಆರ್ಥಿಕ ಕುಸಿತದಲ್ಲಿ ಪೇಟೆಯ ಹಣ ನಂಬಿ ಸೋತ ಮೇಲೆ ಬಂದ ಯೋಚನೆ. ಹೊರದೇಶದ ಸ್ವಯಂಸೇವಕರೂ ಅದರಲ್ಲಿ ಕೈಜೋಡಿಸಿದ್ದರು. ಸ್ವಲ್ಪ ದಿನದಲ್ಲೇ ದೇಶದ ಕೇಂದ್ರ ಬ್ಯಾಂಕು ಇದು ಕಾನೂನಿಗೆ ವಿರುದ್ಧ ಅಂತ ನಿಲ್ಲಿಸಿತು. ನನಗೆ ಇದರಲ್ಲಿ ಎರಡು ವಿಷಯ ಮುಖ್ಯ ಅನ್ನಿಸುತ್ತದೆ. ಮುಯ್ಯಿಯನ್ನು ಹೊಸ ಕಾಲಕ್ಕೆ ಹೊಂದಿಸಲು ಹಳ್ಳಿಯವರು ಎಷ್ಟು ದೂರ ಯೋಚಿಸಿದರು ಅನ್ನುವುದು ಒಂದು. ಹೊರಗಿನವರು ಕೈಹಾಕಿದ ಕೆಲಸಕ್ಕೆ ತೊಂದರೆ ಬಂದಾಗ ಅದನ್ನು ಎದುರಿಸಿ ನಿಲ್ಲಬೇಕಾದವರು ಊರಿನವರೇ ಅನ್ನುವುದು ಇನ್ನೊಂದು. ಹೋಗುವವರು ಎರಡನ್ನೂ ನೆನಪಿಟ್ಟುಕೊಳ್ಳಬೇಕು.

ಶಿಡ್ಲಘಟ್ಟ ಗೂಡು

ನಮ್ಮದು ರೇಷ್ಮೆ ಮನೆತನ. ಖೋನ್ ಕೆನ್ ಪ್ರಾಂತದ ಚೊನ್ನಬೋಟ್‌ಗೆ ಹೋಗಿ ಒಬ್ಬ ನೇಕಾರ ಅಮ್ಮನ ಮನೆಯಲ್ಲಿ ಇದ್ದೆ. ಬರೀ ಹಬ್ಬ, ದೇವಸ್ಥಾನ ನೋಡಿಕೊಂಡು ಬರುವವರಿಗೆ ಇದು ಸಿಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕಂಬದ ಮೇಲೆ ಕಟ್ಟಿದ ಮನೆ, ಕೆಳಗೆ ನೆರಳಲ್ಲಿ ಮಗ್ಗ. ಹಿತ್ತಲಲ್ಲಿ ಹಿಪ್ಪುನೇರಳೆ. ಹುಳು ಸಾಕುವುದು ದುಂಡು ಮೊರದಲ್ಲಿ, ನೊಣ ಬೀಳದಂತೆ ಮೇಲೆ ಬಟ್ಟೆ ಕಟ್ಟುತ್ತಾರೆ. ನಮ್ಮಲ್ಲಿ ಊಜಿ ನೊಣಕ್ಕೆ ಪರದೆ ಕಟ್ಟುವುದು ನೆನಪಾಯಿತು. ನಾಲ್ಕನೇ ಜ್ವರ, ಅಂದರೆ ಪೊರೆ ಕಳಚುವ ನಿದ್ದೆ, ಮುಗಿದು ಹುಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾದ ಮೇಲೆ ಬಿಡುವ ಬಿದಿರಿನ ತಟ್ಟೆ, ನಾವು ಗೂಡು ಕಟ್ಟಿಸುವ ಚಂದ್ರಿಕೆಯ ತಮ್ಮನ ಹಾಗಿದೆ. ಭಾಷೆ ಒಂದಕ್ಷರ ಬರದಿದ್ದರೂ ಅವತ್ತು ಇಡೀ ರಾತ್ರಿ ಅವರ ಜೊತೆ ಹಣ್ಣು ಹುಳು ಆರಿಸಿ ಹಾಕಿದೆ. ಮಾರನೇ ದಿನದಿಂದ ನನ್ನನ್ನು ಮನೆಯವನ ಹಾಗೆ ನೋಡಿದರು.

ಗೂಡು ನಾಡತಳಿಯದ್ದು, ಅರಿಶಿನ ಬಣ್ಣ. ಒಲೆ ಮೇಲಿನ ಮಡಕೆಯಲ್ಲಿ ಬೇಯಿಸುತ್ತಾ ಕೈಯಲ್ಲೇ ನೂಲು ಎಳೆಯುತ್ತಾರೆ. ಒಳಗಿನ ಹುಳು ಎಸೆಯುವುದಿಲ್ಲ, ತಿನ್ನುತ್ತಾರೆ. ಆಮೇಲೆ ಬರುವುದು ಮಟ್ ಮೀ. ಹೊಕ್ಕಿನ ನೂಲನ್ನು, ಅಂದರೆ ಅಡ್ಡ ಎಳೆಯನ್ನು, ನೇಯುವ ಮೊದಲೇ ಅಲ್ಲಲ್ಲಿ ಬಿಗಿಯಾಗಿ ಕಟ್ಟಿ ಬಣ್ಣದಲ್ಲಿ ಅದ್ದುತ್ತಾರೆ. ಕಟ್ಟು ಬಿಚ್ಚಿ, ಮತ್ತೆ ಬೇರೆ ಕಡೆ ಕಟ್ಟಿ, ಇನ್ನೊಂದು ಬಣ್ಣ. ಮಗ್ಗಕ್ಕೆ ಏರಿದಾಗ ಚಿತ್ತಾರ ತಾನೇ ಮೂಡುತ್ತದೆ. ಲೆಕ್ಕವೆಲ್ಲ ಆ ಅಮ್ಮನ ತಲೆಯಲ್ಲಿ. ಹಾಳೆಯಲ್ಲಿ ಏನೂ ಬರೆದಿಲ್ಲ. ಅವರ ಮಗಳು ಬ್ಯಾಂಕಾಕಿನ ಕಡೆ ಕಾರ್ಖಾನೆಯಲ್ಲಿದ್ದಾಳೆ. ಈ ಲೆಕ್ಕ ಮುಂದೆ ಯಾರ ತಲೆಗೆ ಹೋಗುತ್ತದೆ ಅನ್ನುವ ಚಿಂತೆ ನನಗೆ ಇವತ್ತಿಗೂ ಇದೆ.

ನಾನು ಅಲ್ಲಿ ಮಾಡಿದ ಕೆಲಸ ಇಷ್ಟೇ: ಸೊಪ್ಪು ಕೊಯ್ದೆ, ಹುಳುವಿನ ಕಸ ತೆಗೆದೆ, ಅವರ ಬಟ್ಟೆಯ ಫೋಟೋ ತೆಗೆದು ಮಾರಾಟದ ಪುಟಕ್ಕೆ ಇಂಗ್ಲಿಷಿನಲ್ಲಿ ಎರಡು ಸಾಲು ಬರೆದುಕೊಟ್ಟೆ. ಕೊನೆಯದನ್ನು ಅವರೇ ಕೇಳಿದ್ದು.

ಕುಶಾಲನಗರದ ಕಾಫಿ

ಆನೆ ತೊಳೆಯಲು ಹಣ ಕೇಳುತ್ತಾರೆ ಅಂತ ಬರೆದಿದ್ದೀರಲ್ಲ ಹೇಮಾವತಿಯವರೇ, ಅದರ ಹಿಂದಿನ ಕತೆ ಗೊತ್ತಿರಲಿ. ನಮ್ಮ ಮನೆ ದುಬಾರೆಯಿಂದ ದೂರವಿಲ್ಲ, ಮಾವುತರ ಕಷ್ಟ ಚಿಕ್ಕಂದಿನಿಂದ ನೋಡಿದ್ದೇನೆ. ಸುರಿನ್‌ನ ಬಾನ್ ತಾ ಕ್ಲಾಂಗ್‌ನಲ್ಲಿ ಕೂಯ್ ಜನಾಂಗದ ಮಾವುತರ ಜೊತೆ ಇದ್ದಾಗ ಹೆಚ್ಚು ತಿಳಿಯಿತು.

ಎಮ್ಮೆ ಚರ್ಮದ ಹಗ್ಗದಿಂದ ಕಾಡಾನೆ ಹಿಡಿದು ಪಳಗಿಸುತ್ತಿದ್ದ ಜನ ಕೂಯ್. ಆ ಹಗ್ಗಕ್ಕೆ ಇವತ್ತಿಗೂ ಪೂಜೆ ಇದೆ. 1988ರಲ್ಲಿ ದಕ್ಷಿಣ ಥಾಯ್ಲೆಂಡಿನಲ್ಲಿ ಕಾಡು ಕಡಿದ ಗುಡ್ಡಗಳು ಕುಸಿದು ದೊಡ್ಡ ಪ್ರವಾಹ ಬಂತು. 1989ರಲ್ಲಿ ಸರ್ಕಾರ ಕಾಡಿನ ಮರ ಕಡಿಯುವುದನ್ನೇ ನಿಲ್ಲಿಸಿತು. ಕಾಡಿಗೆ ಅದು ಒಳ್ಳೆಯದು, ಆದರೆ ದಿಮ್ಮಿ ಎಳೆಯುವ ಆನೆಗಳಿಗೆ ಕೆಲಸವೇ ಹೋಯಿತು. ಅಲ್ಲಿ ಸಾಕಾನೆಗಳು ಬಹುತೇಕ ಖಾಸಗಿಯವರದ್ದು. ನಮ್ಮ ದುಬಾರೆ, ಸಕ್ರೆಬೈಲಿನ ಹಾಗೆ ಅರಣ್ಯ ಇಲಾಖೆ ಮೇವು ಹಾಕುವುದಿಲ್ಲ. ದೊಡ್ಡ ಆನೆಗೆ ದಿನಕ್ಕೆ 150 ಕಿಲೋಗೂ ಹೆಚ್ಚು ಮೇವು ಬೇಕು. ಮಾವುತರು ಬ್ಯಾಂಕಾಕಿನ ಬೀದಿಗಳಲ್ಲಿ ಆನೆ ಜೊತೆ ಬೇಡಿದ್ದು, ಆಮೇಲೆ ಪ್ರವಾಸಿ ಶಿಬಿರಗಳಿಗೆ ಹೋಗಿದ್ದು ಹೀಗೆ. 2020ರಲ್ಲಿ ಕೋವಿಡ್ ಬಂದು ಶಿಬಿರಗಳು ಮುಚ್ಚಿದಾಗ ಎಷ್ಟೋ ಆನೆಗಳು ನಡೆದೇ ಊರಿಗೆ ಮರಳಿದವು.

ಅದಕ್ಕೇ ಹೇಳುತ್ತೇನೆ, ಸವಾರಿ, ಕುಣಿತ, ದಿನವಿಡೀ ಪ್ರವಾಸಿಗಳ ಸ್ನಾನದಾಟ ಇರುವ ಕಡೆ ಹಣ ಕೊಡಬೇಡಿ. ಆದರೆ ಮಾವುತರನ್ನು ಕ್ರೂರಿಗಳು ಅಂತ ಬಯ್ಯುತ್ತಾ ಕೂರುವುದೂ ಬೇಡ. ಆನೆ ಅವರಿಗೆ ಮನೆಮಂದಿ, ಅದರ ಹೊಟ್ಟೆ ಅವರೇ ತುಂಬಬೇಕು. ನೇಪಿಯರ್ ಹುಲ್ಲು ಕೊಯ್ದು ಹೊರುವ ಕೆಲಸ ಅಲ್ಲಿ ಯಾವತ್ತೂ ಇರುತ್ತದೆ. ಅದು ಬೆನ್ನು ಮುರಿಯುವ ಕೆಲಸ, ನಿಜವಾಗಿ ಬೇಕಾದ ಕೆಲಸ.

ಹೇಮಾವತಿ ದಂಡೆ

ಇಷ್ಟೆಲ್ಲ ಬರೆದುಕೊಟ್ಟಿದ್ದೀರಿ, ಎಲ್ಲರಿಗೂ ತುಂಬಾ ಧನ್ಯವಾದ. ಏಜೆನ್ಸಿ ಯೋಚನೆ ಬಿಟ್ಟೆ. ಕೃಷ್ಣೆಯ ಅಣ್ಣ ಹೇಳಿದ್ದು ಮನಸ್ಸಿನಲ್ಲಿದೆ. ಭತ್ತದ ರೈತರ ಗುಂಪಿನ ಜೊತೆ ಇರುವುದೇ ನನಗೆ ಸರಿ ಅನ್ನಿಸುತ್ತಿದೆ. ಅಮ್ಮನಿಗೆ ತೋರಿಸಲು ಆರೋಗ್ಯ, ಸುರಕ್ಷತೆ ಬಗ್ಗೆ ಯಾರಾದರೂ ಹೇಳುತ್ತೀರಾ? ಅಲ್ಲಿಯ ಪದ್ಧತಿಗಳೂ ತಿಳಿದರೆ ಒಳ್ಳೆಯದು.

ಬಿಳಿ ಸಮವಸ್ತ್ರ

ನಾನು ನರ್ಸ್. ಖೋನ್ ಕೆನ್ ಕಡೆ ಹಳ್ಳಿ ಆರೋಗ್ಯ ಕೇಂದ್ರಗಳನ್ನು ಹತ್ತಿರದಿಂದ ನೋಡಿದ್ದೇನೆ.

ನಿಮ್ಮ ಅಮ್ಮನಿಗೆ ಹೇಳಿ, ಅಲ್ಲಿ ಹಳ್ಳಿಯ ಆರೋಗ್ಯ ವ್ಯವಸ್ಥೆ ಬಹಳ ಗಟ್ಟಿ. ಓ ಸೋ ಮೋ ಅಂತ ಕರೆಯುವ ಹಳ್ಳಿ ಆರೋಗ್ಯ ಸ್ವಯಂಸೇವಕರು ದೇಶದಲ್ಲಿ 10 ಲಕ್ಷಕ್ಕೂ ಹೆಚ್ಚು ಇದ್ದಾರೆ. 1970ರ ದಶಕದ ಕೊನೆಯಿಂದ ನಡೆದು ಬಂದಿದೆ. ನಮ್ಮ ಆಶಾ ಕಾರ್ಯಕರ್ತೆಯರ ಹಾಗೆ ಅವರಿಗೂ ಸಿಗುವುದು ಸಣ್ಣ ಗೌರವಧನ. ಒಬ್ಬೊಬ್ಬರ ಪಾಲಿಗೆ ಹತ್ತಾರು ಮನೆ. ಬಿಪಿ ನೋಡುತ್ತಾರೆ, ನಿಂತ ನೀರಲ್ಲಿ ಸೊಳ್ಳೆ ಮರಿ ಹುಡುಕುತ್ತಾರೆ, ಮುದುಕರನ್ನು ವಿಚಾರಿಸುತ್ತಾರೆ. ಕೋವಿಡ್ ಕಾಲದಲ್ಲಿ ಊರಿಗೆ ಬಂದವರ ಮನೆಮನೆಗೂ ಹೋದವರು ಇವರೇ. ಸ್ವಯಂಸೇವೆ ಕಲಿಯಬೇಕಾದರೆ ಇವರ ಸೈಕಲ್ ಹಿಂದೆ ಒಂದು ವಾರ ಹೋಗಿ.

ಈಸಾನಿನ ದೊಡ್ಡ ದುಃಖ ಇನ್ನೊಂದು. ಹಸಿ ಹೊಳೆಮೀನಿಗೆ ನಿಂಬೆರಸ ಹಿಂಡಿ ತಿನ್ನುವ ಕೋಯ್ ಪ್ಲಾ ಅಲ್ಲಿ ಪ್ರೀತಿಯ ಊಟ. ಆ ಮೀನಿನಲ್ಲಿ ಯಕೃತ್ತಿಗೆ ಹೋಗಿ ಸೇರುವ ಹುಳು ಇರುತ್ತದೆ. ನಿಂಬೆರಸಕ್ಕೆ ಅದು ಸಾಯುವುದಿಲ್ಲ. ವರ್ಷಗಟ್ಟಲೆ ಪಿತ್ತನಾಳದಲ್ಲಿ ಉಳಿದರೆ ಕ್ಯಾನ್ಸರ್ ಬರಬಹುದು. ಜಗತ್ತಿನಲ್ಲೇ ಈ ಕ್ಯಾನ್ಸರ್ ಅತಿ ಹೆಚ್ಚು ಇರುವುದು ಈ ಪ್ರದೇಶದಲ್ಲಿ. ಖೋನ್ ಕೆನ್ ವಿಶ್ವವಿದ್ಯಾಲಯದವರು ಲಾವಾ ಕೆರೆಯ ಸುತ್ತಲ ಹಳ್ಳಿಗಳಲ್ಲಿ ಜನರಿಗೆ ಮಾತ್ರೆ ಕೊಟ್ಟರು, ಶಾಲೆಯಲ್ಲಿ ಪಾಠ ಮಾಡಿದರು, ಬೆಕ್ಕು ನಾಯಿಗಳನ್ನೂ ಬಿಡದೆ ನೋಡಿಕೊಂಡರು. ಹುಳು ಬಹಳ ಕಡಿಮೆಯಾಯಿತು. ಊರಿನ ಸ್ವಯಂಸೇವಕರು ಇಲ್ಲದಿದ್ದರೆ ಅದು ಆಗುತ್ತಿರಲಿಲ್ಲ. ಮೀನು ತಿನ್ನುವವರು ಯಾರೇ ಹೋದರೂ ಹಸಿಮೀನು ಮುಟ್ಟಬೇಡಿ.

ಗದ್ದೆಗೆ ಇಳಿಯುವಾಗ ಬೂಟು ಹಾಕಿ. ಮಳೆಗಾಲದಲ್ಲಿ ಇಲಿ ಜ್ವರ ಇದೆ, ಕಾಲಿನಲ್ಲಿ ಗಾಯ ಇದ್ದರೆ ಕೆಸರಿಗೆ ಹೋಗಲೇಬೇಡಿ. ಡೆಂಗಿಯೂ ಇದೆ. ಜನವರಿಯಿಂದ ಮಾರ್ಚ್‌ವರೆಗೆ ಕಬ್ಬಿನ ಗದ್ದೆ ಸುಡುವ ಹೊಗೆ ಇರುತ್ತದೆ, ಉಬ್ಬಸ ಇರುವವರು ಆಗ ಹೋಗಬಾರದು. ಎಲ್ಲಕ್ಕಿಂತ ದೊಡ್ಡ ಅಪಾಯ ಮೋಟಾರ್ ಬೈಕು. ಲೈಸೆನ್ಸ್, ಹೆಲ್ಮೆಟ್ ಇಲ್ಲದೆ ಹತ್ತಬೇಡಿ. 30 ಬಾತ್ ಕೊಟ್ಟರೆ ಚಿಕಿತ್ಸೆ ಸಿಗುವ ಸರ್ಕಾರಿ ಯೋಜನೆ ಅಲ್ಲಿಯ ಪ್ರಜೆಗಳಿಗೆ ಮಾತ್ರ, ನಿಮಗೆ ವಿಮೆ ಬೇಕು.

ತುಂಗೆಯ ಮಗಳು

ಪದ್ಧತಿ ನಮ್ಮವರಿಗೆ ಅಷ್ಟು ಕಷ್ಟವಾಗುವುದಿಲ್ಲ. ಚಪ್ಪಲಿ ಹೊರಗೆ, ಕೈಮುಗಿದು ಮಾತು. ಯಾರ ತಲೆಯನ್ನೂ ಮುಟ್ಟಬಾರದು, ಮಕ್ಕಳದ್ದೂ ಅಷ್ಟೇ. ಬುದ್ಧನ ಕಡೆಗೆ, ಹಿರಿಯರ ಕಡೆಗೆ ಕಾಲು ಚಾಚಬಾರದು. ಹೆಂಗಸರು ಭಿಕ್ಷುಗಳನ್ನು ಮುಟ್ಟುವಂತಿಲ್ಲ, ಕೈಗೆ ಕೈ ಏನೂ ಕೊಡುವಂತಿಲ್ಲ. ಬೆಳಿಗ್ಗೆ 8ಕ್ಕೆ, ಸಂಜೆ 6ಕ್ಕೆ ರಾಷ್ಟ್ರಗೀತೆ ಕೇಳಿದರೆ ನಿಲ್ಲಬೇಕು. ರಾಜಮನೆತನದ ಬಗ್ಗೆ ಹಗುರವಾಗಿ ಮಾತಾಡಬೇಡ, ಕಾನೂನು ಬಹಳ ಕಠಿಣ. ಊರಿಗೆ ಹೋದ ಕೂಡಲೇ ಫು ಯಾಯ್ ಬಾನ್, ಅಂದರೆ ಊರ ಮುಖ್ಯಸ್ಥರ ಮನೆಗೆ ಹೋಗಿ ನಮಸ್ಕಾರ ಹೇಳು. ಬೆಳಿಗ್ಗೆ ಮೈಕಿನಲ್ಲಿ ಊರಿಗೆಲ್ಲ ನಿನ್ನ ಸುದ್ದಿ ಹೇಳುವವರು ಅವರೇ. ಒಂಟಿ ಹುಡುಗಿಗೆ ಅದೇ ದೊಡ್ಡ ಕಾವಲು.

ಹಬ್ಬಗಳು ಬೇಕಾದಷ್ಟಿವೆ. ಹನ್ನೆರಡು ತಿಂಗಳಿಗೂ ಒಂದೊಂದು ಪುಣ್ಯಕಾರ್ಯ ಅಂತ ಅವರ ಲೆಕ್ಕ. ಮೇ ತಿಂಗಳಲ್ಲಿ ಯಸೋಥೋನ್‌ನಲ್ಲಿ ಮಳೆ ಕೇಳಲು ಆಕಾಶಕ್ಕೆ ಮದ್ದು ತುಂಬಿದ ರಾಕೆಟ್ ಹಾರಿಸುತ್ತಾರೆ, ನೋಡಲು ಎಲ್ಲರೂ ಹೋಗುತ್ತಾರೆ. ನಾನು ಹೇಳುವುದು ರೋಯ್ ಎಟ್‌ನ ಬುನ್ ಫವೇಟ್. ಸುಗ್ಗಿ ಮುಗಿದು ಬಿಡುವಾದ ಮಾರ್ಚ್‌ನಲ್ಲಿ ಬರುತ್ತದೆ. ಇದ್ದದ್ದನ್ನೆಲ್ಲ ದಾನ ಕೊಟ್ಟ ವೆಸ್ಸಂತರ ರಾಜಕುಮಾರನ ಜಾತಕ ಕತೆಯನ್ನು 13 ಅಧ್ಯಾಯವಾಗಿ ದಿನವಿಡೀ ಓದುತ್ತಾರೆ. ಹೊರಗೆ ಬಂದವರಿಗೆಲ್ಲ ಅಕ್ಕಿ ಶಾವಿಗೆಯ ಊಟ ಪುಕ್ಕಟೆ. ಯಾರು, ಯಾವ ಊರು ಅಂತ ಕೇಳುವುದಿಲ್ಲ. ಆ ಶಾವಿಗೆ ಒತ್ತಲು ಕೈ ಬೇಕು, ಅಲ್ಲಿ ನಿಲ್ಲು.

ಊರು ಬಿಡುವಾಗ ನಿನಗೆ ಬಾಯ್ ಸೀ ಮಾಡಬಹುದು. ಬಾಳೆ ಎಲೆಯ ಗೋಪುರ, ಬೇಯಿಸಿದ ಮೊಟ್ಟೆ, ಅಂಟು ಅನ್ನ, ಬಿಳಿ ನೂಲು. ಮನುಷ್ಯನೊಳಗೆ 32 ಪ್ರಾಣಶಕ್ತಿಗಳಿವೆ, ದೂರ ಹೋಗುವಾಗ ಚೆದುರುತ್ತವೆ, ಕರೆದು ಕಟ್ಟಬೇಕು ಅಂತ ನಂಬಿಕೆ. ಹಿರಿಯರು ಒಬ್ಬೊಬ್ಬರಾಗಿ ಬಂದು ಹರಸುತ್ತಾ ಮಣಿಕಟ್ಟಿಗೆ ನೂಲು ಕಟ್ಟುತ್ತಾರೆ. ಮೂರು ದಿನವಾದರೂ ಬಿಚ್ಚಬಾರದು.

ಕೃಷ್ಣೆ ತುಂಗಭದ್ರೆ ನಡುವೆ

ಅಕ್ಕಾ, ಕಲಿಯಲು ಹೋಗುವುದಾದರೆ ನನ್ನ ತಕರಾರಿಲ್ಲ. ತಂಗಿ ಹೇಮಾವತಿ, ಹೋದರೆ ನಮಗಾಗಿ ಒಂದು ಕೆಲಸ ಮಾಡಿ. ಆ ಗುಂಪಿನವರು ಬೀಜ ಹೇಗೆ ಇಟ್ಟುಕೊಳ್ಳುತ್ತಾರೆ, ಸಾವಯವ ಅಂತ ಒಬ್ಬರ ಗದ್ದೆಯನ್ನು ಇನ್ನೊಬ್ಬರು ಹೇಗೆ ಪರೀಕ್ಷೆ ಮಾಡುತ್ತಾರೆ, ಗಿರಣಿ ಯಾರದ್ದು, ಬೆಲೆ ಯಾರು ನಿಗದಿ ಮಾಡುತ್ತಾರೆ, ಇಷ್ಟನ್ನು ಕೇಳಿ ಬರೆದುಕೊಂಡು ಬನ್ನಿ. ನಮ್ಮ ಕಡೆಯೂ ಉಪ್ಪು ಹತ್ತಿದ ನೆಲ ಎಷ್ಟೋ ಇದೆ. ಬಂದ ಮೇಲೆ ಸಿಂಧನೂರಿಗೆ ಬನ್ನಿ, ರೈತರನ್ನು ನಾನು ಸೇರಿಸುತ್ತೇನೆ. ಮುಯ್ಯಿ ಅಂದರಲ್ಲ, ಇದೂ ಅದರಲ್ಲೇ ಸೇರಲಿ.

ಹೇಮಾವತಿ ದಂಡೆ

ಖಂಡಿತ ಬರುತ್ತೇನೆ ಅಣ್ಣಾ. ರಾಜಮುಡಿ ಬೀಜವನ್ನೂ ತರುತ್ತೇನೆ, ನಿಮ್ಮ ನೆಲದಲ್ಲಿ ಹೇಗೆ ಬರುತ್ತದೆ ನೋಡೋಣ. ಯಸೋಥೋನ್‌ನ ಒಂದು ಸಾವಯವ ಗುಂಪಿಗೆ ಇವತ್ತು ಪತ್ರ ಬರೆದೆ. ವೀಸಾ ಪತ್ರ ಕೊಡುವ ನೋಂದಾಯಿತ ಸಂಘ ಅವರ ಜೊತೆ ಇದೆಯಾ ಅಂತ ಮೊದಲ ಸಾಲಿನಲ್ಲೇ ಕೇಳಿದ್ದೇನೆ. ಅಕ್ಕಾ, ಯಾವ ತಿಂಗಳಿಗೆ ಹೋದರೆ ಒಳ್ಳೆಯದು?

ತುಂಗೆಯ ಮಗಳು

ಜುಲೈಗೆ ಹೋಗು. ನಾಟಿ ಅದೇ ಹೊತ್ತಿಗೆ ನಡೆಯುತ್ತಿರುತ್ತದೆ, ಉಬೊನ್‌ನ ದೊಡ್ಡ ಮೇಣದಬತ್ತಿಗಳ ಮೆರವಣಿಗೆಯೂ ಆಗಲೇ. ನವೆಂಬರ್‌ವರೆಗೆ ಇದ್ದರೆ ಕಟಾವು, ಗಿರಣಿ ಎರಡೂ ಸಿಗುತ್ತವೆ. ಬೆಂಗಳೂರಿನಿಂದ ಬ್ಯಾಂಕಾಕಿಗೆ ನೇರ ವಿಮಾನ ಇದೆ. ಅಲ್ಲಿಂದ ಕ್ರುಂಗ್ ಥೆಪ್ ಅಭಿವಾಟ್ ನಿಲ್ದಾಣದಲ್ಲಿ ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಉಬೊನ್. ಮುಂದೆ ಬಸ್ಸು. ಬೂಟು ಅಲ್ಲೇ ವಾರದ ಸಂತೆಯಲ್ಲಿ ಅಗ್ಗಕ್ಕೆ ಸಿಗುತ್ತದೆ, ಇಲ್ಲಿಂದ ಹೊರಬೇಡ. ಮನೆಯವರಿಗೆ ಏನಾದರೂ ಒಯ್ಯಬೇಕು ಅಂದರೆ ಹಾಸನದ ಕಾಫಿಪುಡಿ ತಗೊಂಡು ಹೋಗು. ಗುಂಪಿನವರಿಂದ ಉತ್ತರ ಬಂದ ಮೇಲೆ ಇಲ್ಲಿ ಹಾಕು, ಪತ್ರದ ಭಾಷೆ ಅರ್ಥವಾಗದಿದ್ದರೆ ನಾನು ಓದಿ ಹೇಳುತ್ತೇನೆ.